ನಿದ್ದೆ ವಾಚಿನ ವಸಂತಮ್ಮ

ಮಂಜಿನ್ನೂ ಕಾಫಿ ಗಿಡಗಳನ್ನು ಬಿಟ್ಟು ಮೇಲೆದ್ದಿಲ್ಲ. ಮಲ್ಲಂದೂರಿನ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಬಾಗಿಲೊಂದನ್ನು ತಟ್ಟಿದ ವಸಂತಮ್ಮ, ಕಣ್ಣುಜ್ಜುತ್ತಾ ಬಂದ ಹೆಂಗಸಿನ ಕೈಯಿಂದ ವಾಚು ಬಿಚ್ಚಿಕೊಳ್ಳುತ್ತಾರೆ. ಈ ವಾಚಿಗೆ ಮುಳ್ಳಿಲ್ಲ, ಅಂಕಿಯಿಲ್ಲ. ಕೈ ಅಲುಗಿದ್ದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ. ಕಟ್ಟಿಕೊಂಡವರು ಮಲಗಿದ್ದೆಷ್ಟು, ಎಚ್ಚರವಿದ್ದುದೆಷ್ಟು ಎಂಬುದು ಆಮೇಲೆ ಡಾಕ್ಟರ ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತದೆ.

ಗಂಡ ತೀರಿಕೊಂಡ ಮೇಲೆ ಬಾಣಂತಿಯರಿಗೆ ನೀರೆರೆದು ಬದುಕಿದ ವಸಂತಮ್ಮ ಈಗ ಆಲ್ದೂರಿನ ಕ್ಲಿನಿಕ್ಕೊಂದರಲ್ಲಿ ಆಯಾ. ಹೋದ ವರ್ಷ, 2005ರಲ್ಲಿ ಈ ವಾಚು ಬಂದಾಗಿನಿಂದ ಅದನ್ನು ಕಟ್ಟಿ ಬರುವುದು, ಬಿಚ್ಚಿ ತರುವುದು ಇವರದೇ ಕೆಲಸ. “ನಿದ್ದೆ ಇಲ್ಲ ಅನ್ನೋರನ್ನ ಆಸ್ಪತ್ರೇಲಿ ಮಲಗಿಸಿದ್ರೆ ಇರೋ ನಿದ್ದೆನೂ ಓಡಿಹೋಗುತ್ತೆ. ಅದಕ್ಕೇ ವಾಚೇ ಮನೆಗೆ ಹೋಗುತ್ತೆ, ಅದರ ಹಿಂದೆ ನಾನು.” ಸ್ನಾನಕ್ಕೆಂದು ಬಿಚ್ಚಿ ಮೊಳೆಗೆ ನೇತುಹಾಕಿ ಮರೆತವರ ವಾಚು ಕುಂಭಕರ್ಣನ ನಿದ್ದೆ ತೋರಿಸುತ್ತದೆ ಎಂದು ನಗುತ್ತಾರೆ.

ಆದರೆ ಜೀಪ್ ಡ್ರೈವರ್ ರುದ್ರೇಶನ ಮಾತು ಬಂದರೆ ಆ ನಗು ಇಳಿಯುತ್ತದೆ. ಕೊಯ್ಲಿನ ಹೆಂಗಸರನ್ನು ಕರೆತರುವಾಗ ಅವನು ತಿರುವಿನಲ್ಲಿ ತೂಕಡಿಸಿದ್ದ. ಕುಡಿದಿದ್ದಾನೆಂದೇ ಎಸ್ಟೇಟಿನ ಸಾಹುಕಾರ್ ಗಂಗಾಧರಪ್ಪನವರ ಅನುಮಾನ. ರಾತ್ರಿ ನಿದ್ದೆಯಿಲ್ಲ ಎಂದು ಅವನು ಅಂಗಲಾಚಿದ. ವಾಚು ಕಟ್ಟಿ ನೋಡಿದರೆ ಸುಖನಿದ್ದೆ. ಕೆಲಸ ಹೋಗುವುದೊಂದೇ ಬಾಕಿ.

“ನಾನೂ ವಾಚನ್ನೇ ನಂಬಿದೆ. ಯಾಕೆ ಸುಳ್ಳು ಹೇಳ್ತೀಯ ಮಾರಾಯ ಅಂತ ಗದರಿಸಿದೆ” ಎನ್ನುತ್ತಾರೆ ವಸಂತಮ್ಮ.

ರುದ್ರೇಶ ಹೊರಡಲು ಚಪ್ಪಲಿ ಮೆಟ್ಟಿದ. ಆಗ ಅವನ ಕಾಲ ಹೆಬ್ಬೆರಳ ಸುತ್ತ ಹಗ್ಗ ಕೊರೆದ ಕೆಂಪು ಗುರುತು ವಸಂತಮ್ಮನ ಕಣ್ಣಿಗೆ ಬಿತ್ತು. ಎಷ್ಟೋ ಬಾಣಂತಿ ಮನೆಗಳಲ್ಲಿ ಕಂಡ ಗುರುತು ಅದು. ಹೆಂಡತಿ ಹೆರಿಗೆಯಾಗಿ ಜ್ವರದಲ್ಲಿದ್ದಳು. ತೊಟ್ಟಿಲ ಹಗ್ಗವನ್ನು ಹೆಬ್ಬೆರಳಿಗೆ ಕಟ್ಟಿಕೊಂಡು ಅವನು ಬೆಳಗಿನವರೆಗೆ ಮಗುವನ್ನು ತೂಗುತ್ತಿದ್ದ. ವಾಚು ಕಟ್ಟಿದ ಕೈ ಮಾತ್ರ ಎದೆಯ ಮೇಲೆ ಸುಮ್ಮನಿರುತ್ತಿತ್ತು.

“ಕೇಳಿದ್ದಕ್ಕೆ, ‘ಗಂಡಸು ತೊಟ್ಟಿಲು ತೂಗ್ತಾನೆ ಅಂದ್ರೆ ಲೈನಲ್ಲಿ ನಗ್ತಾರೆ ವಸಂತಕ್ಕ’ ಅಂದ. ಆವತ್ತೇ ಹೋಗಿ ಡಾಕ್ಟರಿಗೆ ಹೇಳ್ದೆ.”

ಡಾಕ್ಟರು ಮರುದಿನ ವಾಚನ್ನು ಕಾಲಿಗೆ ಕಟ್ಟಿಸಿದರು. ರಾತ್ರಿಯುದ್ದಕ್ಕೂ ಎಚ್ಚರದ ಗೆರೆ. ಅದನ್ನು ನೋಡಿದ ಗಂಗಾಧರಪ್ಪನವರು, “ಹೆಂಡ್ತಿ ಹುಷಾರಾಗೋವರೆಗೂ ಕಾಫಿ ಒಣಗಿಸೋ ಕಣದ ಕೆಲ್ಸ ನೋಡ್ಕೊ, ಆಮೇಲೆ ಜೀಪು ನಿಂದೇ” ಎಂದರು.

ಈಗ ವಾಚು ಕಟ್ಟುವ ಮುನ್ನ ವಸಂತಮ್ಮ ಕೇಳುವ ಮೊದಲ ಪ್ರಶ್ನೆ, “ಮನೇಲಿ ತೊಟ್ಟಿಲಿದೆಯಾ?”

ಕೆಳಗೆ ಹಾರನ್ ಕೇಳಿಸುತ್ತದೆ. ಆಲ್ದೂರಿಗೆ ಹೊರಟ ಜೀಪು, ಸ್ಟೇರಿಂಗ್ ಹಿಡಿದವನು ರುದ್ರೇಶ. ವಾಚನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ವಸಂತಮ್ಮ ಮುಂದಿನ ಸೀಟಿಗೆ ಹತ್ತುತ್ತಾರೆ.

“ಊರೋರ ನಿದ್ದೆ ಕಾಯೋಳು ನಾನು. ನಂಗೆ ನಿದ್ದೆ ಬರೋದು ಇವ್ನ ಜೀಪಲ್ಲೇ” ಎನ್ನುತ್ತಾರೆ. ಮೊದಲ ತಿರುವು ಬರುವಷ್ಟರಲ್ಲಿ ಅವರ ಕಣ್ಣು ಮುಚ್ಚಿದೆ.