ವಾರಕ್ಕೊಬ್ಬ ಎದುರಾಳಿಯಾಗುವ ಅಚ್ಚಣ್ಣ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಮೈದಾನಕ್ಕೆ ನೀರು ಚಿಮ್ಮಿಸುವ ಕೊಳವೆಗಳು ಈಗಷ್ಟೇ ನಿಂತಿವೆ. ಖಾಲಿ ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಒಬ್ಬರು ಬಲಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತ, ಎದುರಿನ ಬೆಂಚಿಗೆ ಒರಗಿಸಿಟ್ಟ ಮೊಬೈಲನ್ನೇ ನೋಡುತ್ತಿದ್ದಾರೆ. ಪರದೆಯ ಮೇಲೆ ಆರಡಿ ನಾಲ್ಕಿಂಚಿನ ವಿದೇಶಿ ಆಟಗಾರ ಚೆಂಡಿಗಾಗಿ ಕಾಯುತ್ತಿದ್ದಾನೆ. ಚೆಂಡು ಬರುವ ಮುನ್ನ ಎಡಭುಜವನ್ನು ಒಂದಿಷ್ಟು ತಗ್ಗಿಸುತ್ತಾನೆ. ನೋಡುತ್ತಿರುವವರೂ ಕೂತಲ್ಲೇ ಎಡಭುಜ ತಗ್ಗಿಸುತ್ತಾರೆ. ವಿಡಿಯೊವನ್ನು ಹಿಂದಕ್ಕೆ ಓಡಿಸಿ, ಮತ್ತೊಮ್ಮೆ.

“ಈ ವಾರ ನಾನು ಇವನು. ಭಾನುವಾರದ ತನಕ ಅಷ್ಟೇ. ಸೋಮವಾರದಿಂದ ಇನ್ನೊಬ್ಬ.”

ಅವರನ್ನು ಎಲ್ಲರೂ ಕರೆಯುವುದು ಅಚ್ಚಣ್ಣ ಎಂದು. ವಯಸ್ಸು ಮೂವತ್ಮೂರು. ದೇಶದ ದೊಡ್ಡ ಫುಟ್‌ಬಾಲ್ ಲೀಗಿನಲ್ಲಿ ಆಡುವ ಹನ್ನೆರಡು ತಂಡಗಳ ಪೈಕಿ ಒಂದರಲ್ಲಿ ಹನ್ನೊಂದು ವರ್ಷಗಳಿಂದ ಇದ್ದಾರೆ. ಕಾಗದದ ಮೇಲೆ ಅವರು ಫಾರ್ವರ್ಡ್, ಅಂದರೆ ಗೋಲು ಹೊಡೆಯಬೇಕಾದವರು. ನಿಜವಾದ ಕೆಲಸ ಬೇರೆ. ಮುಂದಿನ ಪಂದ್ಯದ ಎದುರಾಳಿ ತಂಡದಲ್ಲಿ ಯಾವ ವಿದೇಶಿ ಫಾರ್ವರ್ಡ್ ಇದ್ದಾನೋ ಅವನ ಓಟ, ತಿರುವು, ಜಿಗಿತ, ಕೊನೆಗೆ ಅವನ ಹುಸಿನಡೆಯನ್ನೂ ಕಲಿತು, ತಾಲೀಮಿನಲ್ಲಿ ಅವನಂತೆಯೇ ಆಡುವುದು. ಸ್ವಂತ ತಂಡದ ಡಿಫೆಂಡರುಗಳು ಅವರ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಮೊದಲ ವರ್ಷ ಇವರ ನಕಲು ನೋಡಿ ಹಿರಿಯ ಗೋಲ್‌ಕೀಪರ್ ಒಬ್ಬರು “ಅಬ್ಬಬ್ಬಾ, ಪಡಿಯಚ್ಚು ಕಣಯ್ಯಾ!” ಎಂದು ಕೂಗಿದ್ದೇ ನೆಪ. ಪಡಿಯಚ್ಚು ಸವೆದು ಅಚ್ಚು ಆಯಿತು, ಕಿರಿಯರು ಬಂದಂತೆ ಅಣ್ಣನೂ ಸೇರಿಕೊಂಡ. ಈಗ ಗೇಟಿನ ಕಾವಲುಗಾರನಿಗೆ ಅವರ ಅಸಲಿ ಹೆಸರು ಹೇಳಿದರೆ, “ಅಂಥೋರ್ಯಾರೂ ಇಲ್ಲಿಲ್ಲ” ಎನ್ನುತ್ತಾನೆ.

ಅಂಚಿನಿಂದ ಹಾರಿಬರುವ ಕ್ರಾಸ್‌ಗಳಿಗೆ ದಿನಕ್ಕೆ ಎಪ್ಪತ್ತು ಸಲ ಜಿಗಿಯಬೇಕು. ಅದರಲ್ಲಿ ಮೂವತ್ತು ಸಲವಾದರೂ ಯಾರದ್ದಾದರೂ ಮೊಣಕೈ ಪಕ್ಕೆಗೆ ತಾಗುತ್ತದೆ. ಎರಡು ಸಲ ಮೂಗು ಮುರಿದಿದೆ, ಒಂದು ಸಲ ಕಾಲರ್ ಮೂಳೆ. ಇಷ್ಟಾಗಿ ಲೀಗ್ ಪಂದ್ಯಗಳಲ್ಲಿ ಅವರು ಮೈದಾನದಲ್ಲಿದ್ದದ್ದು ಒಟ್ಟು ಇನ್ನೂರ ಹನ್ನೆರಡು ನಿಮಿಷ. ಹನ್ನೊಂದು ವರ್ಷಕ್ಕೆ ಎರಡೂವರೆ ಪಂದ್ಯವೂ ಆಗಲಿಲ್ಲ.

ಮಾವ ನಿವೃತ್ತ ಬಸ್ ಚಾಲಕರು. ಮಗಳ ಮನೆಯಲ್ಲೇ ಇರುವ ಅವರು ಒಂದು ಪಂದ್ಯವನ್ನೂ ಬಿಡದೆ ಟಿವಿಯಲ್ಲಿ ನೋಡುತ್ತಾರೆ. “ಅಳಿಯಂದ್ರು ಕಾಣಿಸಿದ್ರಮ್ಮಾ,” ಎಂದು ಒಳಗಿರುವ ಮಗಳಿಗೆ ಕೂಗಿ ಹೇಳುತ್ತಾರೆ. “ನೀರಿನ ಬಾಟ್ಲಿ ಮುಚ್ಚಳ ತೆಗೀತಿದ್ರು. ಒಳ್ಳೇ ನೀಟಾಗಿ ತೆಗೆದ್ರು!” ಅಚ್ಚಣ್ಣ ಈ ತಮಾಷೆಗೆ ಮೊದಮೊದಲು ಮುಖ ಗಂಟಿಕ್ಕುತ್ತಿದ್ದರು. ಈಗ ಅವರೇ ಊಟಕ್ಕೆ ಕೂತಾಗ, “ಮಾವ, ಇವತ್ತು ಮುಚ್ಚಳ ಹೇಗಿತ್ತು?” ಎಂದು ಕೇಳುತ್ತಾರೆ.

ಪ್ರತಿ ತಂಡ ಐವರು ವಿದೇಶಿಯರನ್ನು ಆಡಿಸಬಹುದು ಎಂಬುದು ಲೀಗಿನ ನಿಯಮ. ಐವರನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದು ನಿಯಮದಲ್ಲಿಲ್ಲ, ಆದರೆ ಎಲ್ಲರಿಗೂ ಗೊತ್ತು. ಗೋಲು ಹೊಡೆಯುವ ಜಾಗಕ್ಕೆ ಇಬ್ಬರು, ಆಟ ಕಟ್ಟುವ ನಡುಜಾಗಕ್ಕೆ ಇಬ್ಬರು, ರಕ್ಷಣೆಯ ನಟ್ಟನಡುವೆ ಒಬ್ಬ. ಮಿಕ್ಕ ಅಂಚಿನ ಜಾಗಗಳು ಇಲ್ಲಿಯವರಿಗೆ. ಕಳೆದ ಸಾಲಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಇಪ್ಪತ್ತು ಜನರಲ್ಲಿ ಹದಿನೇಳು ಮಂದಿ ಹೊರಗಿನವರು. ಗ್ಯಾಲರಿ ತುಂಬುತ್ತದೆ, ಆಟವೂ ಚೆನ್ನಾಗಿರುತ್ತದೆ. ಲೀಗ್ ಮುಗಿದು ರಾಷ್ಟ್ರೀಯ ತಂಡ ಕೂಡಿಕೊಂಡಾಗ ಮಾತ್ರ, ಗೋಲಿನ ಮುಂದೆ ನಿಲ್ಲಲು ಯಾರೂ ಇರುವುದಿಲ್ಲ. ಎರಡು ವರ್ಷದ ಹಿಂದೆ ರಾಷ್ಟ್ರೀಯ ತಂಡ ಒಂಬತ್ತು ಪಂದ್ಯಗಳಲ್ಲಿ ಮೂರು ಗೋಲು ಗಳಿಸಿತ್ತು. ಅದರಲ್ಲಿ ಒಂದನ್ನು ಎದುರಾಳಿಗಳೇ ಕಾಲು ತಪ್ಪಿ ತಮ್ಮ ಬಲೆಗೆ ಹಾಕಿಕೊಂಡಿದ್ದರು.

ಹಾಗಂತ ಅಚ್ಚಣ್ಣನಿಗೆ ವಿದೇಶಿಯರ ಮೇಲೆ ಸಿಟ್ಟಿಲ್ಲ. “ಅವರೇನು ಗೋಡೆ ಹಾರಿ ಬಂದ್ರಾ? ಕರೆಸಿಕೊಂಡಿದ್ದು ನಾವು. ಹೆಂಡ್ತಿ ಮಕ್ಕಳನ್ನ ಬಿಟ್ಟು ಹೊಟ್ಟೆಪಾಡಿಗೆ ಬಂದಿದ್ದಾರೆ, ಪಾಪ. ನನಗೆ ತಲೆಯಿಂದ ಚೆಂಡು ತಿರುಗಿಸೋದು ಕಲಿಸಿದ್ದೂ ಅವರಲ್ಲೊಬ್ಬನೇ.” ತಂಡದ ವಿದೇಶಿ ಡಿಫೆಂಡರ್ ಒಮ್ಮೆ ತಾಲೀಮು ಮುಗಿಸಿ, ಬಾಗಿ ಮಂಡಿಯ ಮೇಲೆ ಕೈಯೂರಿಕೊಂಡು ಹೇಳಿದ್ದನಂತೆ: “ವಾರದಲ್ಲಿ ನನ್ನನ್ನ ಅತಿ ಹೆಚ್ಚು ಸುಸ್ತು ಮಾಡೋ ಫಾರ್ವರ್ಡ್ ನೀನೇ. ಆದರೆ ಅದು ನನಗೊಬ್ಬನಿಗೇ ಗೊತ್ತು.”

ಇನ್ನೊಬ್ಬರಿಗೂ ಗೊತ್ತಾಯಿತು. ಆ ಒಂಬತ್ತು ಪಂದ್ಯಗಳ ನಂತರ ರಾಷ್ಟ್ರೀಯ ತಂಡದ ಕೋಚ್ ದೂರವಾಣಿ ಮಾಡಿದರು. “ನಿನ್ನ ಪಂದ್ಯದ ವಿಡಿಯೊ ಹುಡುಕಿದೆ, ಸಿಗಲಿಲ್ಲ. ತಾಲೀಮಿನದ್ದು ಸಿಕ್ಕಿತು. ಹೊರಟು ಬಾ,” ಎಂದರು. ಅಚ್ಚಣ್ಣ ಆಗ ಬಟ್ಟೆ ಒಣಹಾಕುತ್ತಿದ್ದರು. ಯಾರೋ ಕಾಲೆಳೆಯುತ್ತಿದ್ದಾರೆ ಎಂದುಕೊಂಡು, “ಆಯ್ತು ಬಿಡ್ರೀ” ಎಂದು ಫೋನು ಇಟ್ಟುಬಿಟ್ಟರು. ಕೋಚ್ ಎರಡನೇ ಸಲ ಕರೆ ಮಾಡಬೇಕಾಯಿತು. ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಆ ದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ಕೆಮ್ಮಿನ ಔಷಧಿ ಕೇಳಿದವರಿಗೂ, ವಿಷಯ ಹೇಳಿದರಂತೆ.

ಗೆದ್ದರೆ ಮುಂದಿನ ಸುತ್ತು, ಇಲ್ಲದಿದ್ದರೆ ಮನೆ ಎನ್ನುವಂಥ ಪಂದ್ಯ. ಎಪ್ಪತ್ತೆಂಟನೇ ನಿಮಿಷದವರೆಗೆ ಯಾರದ್ದೂ ಗೋಲಿಲ್ಲ. ಆಗ ಅಚ್ಚಣ್ಣನನ್ನು ಇಳಿಸಿದರು. ಎಂಬತ್ತಾರರಲ್ಲಿ ಚೆಂಡು ಯಾರದ್ದೋ ಕಾಲಿಗೆ ತಗುಲಿ, ಗೋಲಿನಿಂದ ಎಂಟು ಹೆಜ್ಜೆ ದೂರದಲ್ಲಿ, ಅವರೆದುರೇ ಬಂದು ನಿಂತಿತು. ಗೋಲ್‌ಕೀಪರ್ ಕೆಳಗೆ ಬಿದ್ದಿದ್ದ.

ಮುಂದಿನದನ್ನು ಹೇಳುವಾಗ ಅಚ್ಚಣ್ಣ ಮಂಡಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತತೊಡಗುತ್ತಾರೆ.

“ಹೊಡೀಬೇಕು ಅಷ್ಟೇ, ಇನ್ನೇನಿಲ್ಲ. ಆದ್ರೆ ತಲೆ ಒಳಗೆ ಸಂತೆ. ಆ ಉದ್ದನೆಯವನಾಗಿದ್ರೆ ಮೆಲ್ಲಗೆ ತಳ್ತಿದ್ದ, ಎಡಗಾಲಿನವನಾಗಿದ್ರೆ ತಿರುಗಿಸ್ತಿದ್ದ, ಆ ಗಡ್ಡದವನಾಗಿದ್ರೆ ಕಣ್ಮುಚ್ಚಿ ಒದೀತಿದ್ದ... ನಾನು ಏನ್ ಮಾಡ್ತೀನಿ ಅನ್ನೋದೇ ಹೊಳೀಲಿಲ್ಲ. ಅಷ್ಟು ವರ್ಷ ಕೇಳಿಕೊಂಡಿರಲಿಲ್ಲ ನೋಡಿ.”

ಅಷ್ಟರಲ್ಲಿ ಡಿಫೆಂಡರ್ ಬಂದು ಚೆಂಡನ್ನು ಆಚೆ ಒದ್ದ. ಪಂದ್ಯ ಡ್ರಾ ಆಯಿತು, ತಂಡ ಹೊರಬಿತ್ತು. ಮಾರನೇ ದಿನ ಪತ್ರಿಕೆಗಳಲ್ಲಿ ಅವರ ಫೋಟೊ ಬಂತು, ಜೀವಮಾನದಲ್ಲಿ ಮೊದಲ ಸಲ. ಕೆಳಗೆ ‘ಇವರನ್ನು ಎಲ್ಲಿಂದ ಹಿಡಿದು ತಂದರು?’ ಎಂಬ ಸಾಲು. ಹೆಂಡತಿ ಪತ್ರಿಕೆಯನ್ನು ಅಡಗಿಸಿಟ್ಟರು. ಮಾವ ಮೂರು ದಿನ ಟಿವಿ ಹಾಕಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. “ಬೈದಿದ್ರೆ ತಡ್ಕೋತಿದ್ದೆ. ಮುಚ್ಚಳದ ಮಾತೂ ಬರ್ಲಿಲ್ಲ, ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ,” ಎನ್ನುತ್ತಾರೆ ಅಚ್ಚಣ್ಣ.

ಕ್ಲಬ್ಬಿಗೆ ಮರಳಿದವರೇ ಅಲ್ಲಿನ ಕೋಚ್ ಎದುರು ನಿಂತು, ಇನ್ನು ನಕಲು ಮಾಡುವುದಿಲ್ಲ ಎಂದರು. ಕೋಚ್ ಕೆಟ್ಟವರಲ್ಲ. ಗೆಲ್ಲದಿದ್ದರೆ ಅವರ ಕುರ್ಚಿಯೂ ಉಳಿಯುವುದಿಲ್ಲ. “ನಿನಗೆ ಸಾಕಾಗಿದ್ರೆ ಬಿಡಪ್ಪ. ಬೇರೆ ಯಾರನ್ನಾದ್ರೂ ಹಾಕ್ತೀನಿ,” ಎಂದರು. ಹಾಕಿದ್ದು ಬೆಂಚಿನಲ್ಲೇ ಕೂರುವ ಇನ್ನೊಬ್ಬ ಫಾರ್ವರ್ಡನನ್ನು. ಇಪ್ಪತ್ತೊಂದು ವಯಸ್ಸು, ಚೆಂಡು ಸಿಕ್ಕರೆ ಸಾಕು, ಹಿಂದುಮುಂದು ನೋಡದೆ ಗೋಲಿನತ್ತ ಹೊಡೆಯುವ ಆಸಾಮಿ. ತಂಡದಲ್ಲಿ ಎಲ್ಲರೂ ಅವನನ್ನು ‘ಗುಂಡಿ’ ಎನ್ನುತ್ತಾರೆ, ಅವನ ಒದೆತಕ್ಕೆ ಹುಲ್ಲು ಕಿತ್ತು ನೆಲ ಗುಂಡಿ ಬೀಳುವುದರಿಂದ.

ಎರಡು ದಿನ ಅಚ್ಚಣ್ಣ ಗೆರೆಯಾಚೆ ನಿಂತು ನೋಡಿದರು. “ಹಾಗಲ್ಲ, ಅವನ ಥರ ಓಡು. ಅಲ್ಲಿ ಹೊಡೀಬೇಡ, ಅವನು ಅಲ್ಲಿ ಹೊಡೆಯಲ್ಲ. ನಿಲ್ಲು, ಯೋಚನೆ ಮಾಡು,” ಎಂದು ಸಹಾಯಕ ಕೋಚ್ ಹೇಳುತ್ತಲೇ ಇದ್ದರು. ಗುಂಡಿ ನಿಲ್ಲತೊಡಗಿದ, ಯೋಚಿಸತೊಡಗಿದ. ಮೂರನೇ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಪಟ್ಟಿ ಸುತ್ತಿಕೊಂಡು ಕೂತವರು ಅಚ್ಚಣ್ಣ.

“ಸರ್, ಈ ಕೆಲಸ ನಾನೇ ಮಾಡ್ತೀನಿ. ಕಾಲು ಬೀಳೋವರೆಗೂ ಮಾಡ್ತೀನಿ. ಆದ್ರೆ ಗುಂಡೀನ ಇದಕ್ಕೆ ಹಾಕಬೇಡಿ. ಅವನನ್ನ ಅವನಾಗೇ ಆಡೋಕೆ ಬಿಡಿ. ಪಂದ್ಯ ಗೆದ್ದಾಯ್ತು ಅನ್ನಿಸಿದ ಮೇಲೆ ಹತ್ತು ನಿಮಿಷ ಇಳಿಸಿ, ಸಾಕು.”

“ನಿನಗೆ ಏನು ಬೇಕು?” ಎಂದು ಕೋಚ್ ಕೇಳಿದರು.

“ಮಂಡಿಗೆ ಒಂದು ಒಳ್ಳೇ ಪಟ್ಟಿ ಕೊಡಿಸಿ ಸರ್. ಇದು ಜಾರ್ತಾ ಇದೆ.”

ಪಟ್ಟಿ ಬಂತು, ಹತ್ತು ನಿಮಿಷಗಳೂ ಬಂದವು. ಕೆಲವು ವಾರ ಐದೇ ನಿಮಿಷ, ಕೆಲವು ವಾರ ಏನೂ ಇಲ್ಲ. ಆ ಸಾಲಿನಲ್ಲಿ ಗುಂಡಿ ಆಡಿದ್ದು ನೂರ ತೊಂಬತ್ತು ನಿಮಿಷ, ಅಚ್ಚಣ್ಣ ಒಂದೂ ಇಲ್ಲ. ನಿಯಮ ಬದಲಾಗಿಲ್ಲ. ಐವರನ್ನು ಮೂವರಿಗೆ ಇಳಿಸಬೇಕೆಂದು ಸಭೆಗಳು ನಡೆಯುತ್ತವೆ, ನಡೆದು ಮುಂದೂಡಲ್ಪಡುತ್ತವೆ. ಅಚ್ಚಣ್ಣ ಅವುಗಳ ಸುದ್ದಿ ಓದುವುದನ್ನು ಬಿಟ್ಟಿದ್ದಾರೆ. ಮೆಟ್ಟಿಲು ಇಳಿಯುವಾಗ ಈಗ ಕಂಬಿ ಹಿಡಿಯುತ್ತಾರೆ. “ಕೂತ್ರೆ ಏಳೋದು ಕಷ್ಟ, ಎದ್ರೆ ಕೂರೋದು ಕಷ್ಟ,” ಎಂದು ಹೆಂಡತಿ ಗೊಣಗುತ್ತಲೇ ಸಂಜೆಹೊತ್ತು ಮುಲಾಮು ತಿಕ್ಕುತ್ತಾರೆ. ಮುಂದಿನ ವರ್ಷ ಕ್ಲಬ್ಬು ಇಟ್ಟುಕೊಳ್ಳುತ್ತದೋ ಇಲ್ಲವೋ, ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ.

ಕಳೆದ ತಿಂಗಳು ರಾಷ್ಟ್ರೀಯ ತಂಡದ ಸ್ನೇಹಪಂದ್ಯಕ್ಕೆ ಗುಂಡಿಗೆ ಕರೆ ಬಂತು. ಹೊರಡುವ ಮುನ್ನ ಅವನು ಮನೆಗೆ ಬಂದು, “ಅಣ್ಣಾ, ಏನಾದ್ರೂ ಹೇಳು,” ಎಂದು ಬಾಗಿಲಲ್ಲೇ ನಿಂತ. ಅಚ್ಚಣ್ಣ ಏನೂ ಹೇಳಲಿಲ್ಲ. “ಹೇಳಿದ್ರೆ ಅದನ್ನೇ ಯೋಚನೆ ಮಾಡ್ತಾ ಕೂರ್ತಾನೆ,” ಎಂಬುದು ಅವರ ಭಯ.

ಪಂದ್ಯ ಮಧ್ಯಾಹ್ನ ಇತ್ತು. ಮಾವ, ಹೆಂಡತಿ, ಅಚ್ಚಣ್ಣ ಮೂವರೂ ಟಿವಿ ಮುಂದೆ. ಅರವತ್ತನೇ ನಿಮಿಷಕ್ಕೆ ಗುಂಡಿ ಇಳಿದ. ಎಪ್ಪತ್ತರಲ್ಲಿ ಚೆಂಡು ಅವನೆದುರು ಬಿತ್ತು, ಸುತ್ತ ಮೂವರು ಡಿಫೆಂಡರುಗಳು. ಅವನು ತಲೆಯನ್ನೂ ಎತ್ತದೆ ಬೀಸಿ ಹೊಡೆದ. ಚೆಂಡು ಗೋಲುಕಂಬದ ಮೇಲಿಂದ ಹಾರಿ ಗ್ಯಾಲರಿಯ ಎಂಟನೇ ಸಾಲಿಗೆ ಬಿತ್ತು. ವೀಕ್ಷಕ ವಿವರಣೆಗಾರರು ನಕ್ಕರು. ಮಾವ “ಛೆ!” ಎಂದು ತೊಡೆ ಬಡಿದುಕೊಂಡರು.

ಅಚ್ಚಣ್ಣ ಮಾತ್ರ ಮಂಡಿನೋವನ್ನೂ ಮರೆತು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

“ಗೋಲ್ ಆಗ್ಲಿಲ್ವಲ್ರೀ,” ಎಂದರು ಹೆಂಡತಿ.

“ಆಗ್ಲಿಲ್ಲ ಕಣೇ. ಆದ್ರೆ ಹೊಡೆದ. ಯಾರನ್ನೂ ಕೇಳದೆ ಹೊಡೆದ.”