ಬಾಯಮ್ಮ ತಬ್ಬಿಕೊಂಡ ಕಂಬ

ಕಮಲಾಕ್ಷನ ಬಾಯಿಗೆ ಬೀಗ ಹಾಕುವವರು ಕುವೈತಿನಲ್ಲಿ ಯಾರೂ ಇರಲಿಲ್ಲ. ಮಿರ್ಕಾಬಿನ ಒಂದು ಟೈಲ್ಸ್ ಕಂಪನಿಯಲ್ಲಿ ಅವನು ಡ್ರೈವರ್. ಆದರೆ ಊರಿನಿಂದ ಯಾರೇ ಹೊಸಬರು ಬಂದಿಳಿಯಲಿ, ಶುಕ್ರವಾರ ಅವರನ್ನು ವ್ಯಾನಿನಲ್ಲಿ ಸುತ್ತಾಡಿಸುವ ಕೆಲಸ ಅವನದ್ದೇ. ಯಾರೂ ಹೇಳಿದ್ದಲ್ಲ, ಅವನೇ ಮೈಮೇಲೆ ಎಳೆದುಕೊಂಡದ್ದು. ಕಟಪಾಡಿಯಲ್ಲಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಕುವೈತಿನ ಇತಿಹಾಸವನ್ನು ಮಾತ್ರ ಅರೆದು ಕುಡಿದವನಂತೆ ಹೇಳುತ್ತಿದ್ದ. ಸಾಲದ್ದಕ್ಕೆ ಕೈಯಿಂದ ಒಂದಿಷ್ಟು ಸೇರಿಸುತ್ತಿದ್ದ. ಸಮುದ್ರದ ಬದಿಯ ನೀಲಿ ಗೋಪುರಗಳಿಗೆ ವರ್ಷಕ್ಕೆ ಹತ್ತು ಮೀಟರಿನಂತೆ ಸೇರಿಸಿ ಸೇರಿಸಿ, ಸಾವಿರದ ಒಂಬೈನೂರ ತೊಂಬತ್ತರ ಹೊತ್ತಿಗೆ ಅವು ಮೋಡ ಮುಟ್ಟುವುದರಲ್ಲಿದ್ದವು.

ಅವನ ಪ್ರವಾಸದಲ್ಲಿ ಗೋಪುರ, ಹಾಯಿ ಹಡಗುಗಳ ದಕ್ಕೆ, ಮೀನು ಮಾರುಕಟ್ಟೆ ಎಲ್ಲ ಇದ್ದವು. ಆದರೆ ಅವನ ಗಂಟಲು ನಿಜವಾಗಿ ತೆರೆದುಕೊಳ್ಳುತ್ತಿದ್ದದ್ದು ಗಲ್ಫ್ ರಸ್ತೆಯ ಹಳೆಯ ಬ್ರಿಟಿಷ್ ಏಜೆನ್ಸಿ ಮನೆಯ ಎದುರು. ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ರಸ್ತೆಯ ಈಚೆ ನಿಂತೇ ಕಥೆ. ಮಿರ್ಕಾಬಿನಲ್ಲಿ ಚಹಾದಂಗಡಿ ಇಟ್ಟಿದ್ದ ಬ್ಯಾರಿ ಅಬ್ದುಲ್ ರಹಿಮಾನ್ ಹೇಳಿದ ಕಥೆ ಅದು. ಹಿಂದೆ ಈ ಕಡೆ ಮುತ್ತು ತೆಗೆಯಲು ಗುಲಾಮರನ್ನು ಕಡಲಿಗೆ ಇಳಿಸುತ್ತಿದ್ದರಂತೆ. ತಪ್ಪಿಸಿಕೊಂಡು ಬಂದವನು ಈ ಮನೆಯ ಬಾವುಟದ ಕಂಬವನ್ನು ತಬ್ಬಿಕೊಂಡರೆ ಮುಗಿಯಿತು, ಯಜಮಾನ ಅವನನ್ನು ಮುಟ್ಟುವ ಹಾಗಿಲ್ಲ. ಒಳಗಿನ ಸಾಹೇಬರು ವಿಚಾರಣೆ ಮಾಡಿ, ಇವನು ಇನ್ನು ಸ್ವತಂತ್ರ ಎಂದು ಕಾಗದ ಬರೆದು ಸೀಲು ಹೊಡೆದು ಕೊಡುತ್ತಿದ್ದರಂತೆ. ಕೇಳಿದವರು ಹೌದಾ ಎಂದು ಬಾಯಿ ಬಿಡುತ್ತಿದ್ದರು. ಕಂಬ ಯಾವುದು ಎಂದು ಯಾರಾದರೂ ಕೇಳಿದರೆ ಕಮಲಾಕ್ಷ ಫುಟ್‌ಪಾತಿನ ಮೇಲಿದ್ದ ಒಂದು ಕಬ್ಬಿಣದ ಕಂಬ ತೋರಿಸುತ್ತಿದ್ದ. ಅದು ಮುನ್ಸಿಪಾಲಿಟಿಯವರು ಎರಡು ವರ್ಷದ ಹಿಂದೆ ನೆಟ್ಟ ದೀಪದ ಕಂಬ. ನೆಡುವಾಗ ಗುಂಡಿಗೆ ಸಿಮೆಂಟು ಸುರಿಯುವುದನ್ನು ಅವನು ವ್ಯಾನಿನಲ್ಲಿ ಕೂತು ನೋಡಿದ್ದ.

ಇಷ್ಟೆಲ್ಲ ಹೇಳುವವನ ಪಾಸ್‌ಪೋರ್ಟ್ ಮ್ಯಾನೇಜರ್ ಫ್ರೆಡ್ರಿಕ್ ಅವರ ತಿಜೋರಿಯಲ್ಲಿತ್ತು. ಅವನದ್ದು ಮಾತ್ರ ಅಲ್ಲ, ಕಂಪನಿಯ ಹನ್ನೊಂದೂ ಜನರದ್ದು ಅಲ್ಲೇ ಇತ್ತು. ಅಲ್ಲಿ ಅದೇ ಪದ್ಧತಿ. ಫ್ರೆಡ್ರಿಕ್ ಕೆಟ್ಟವರಲ್ಲ, ಹೆದರಿಕೆಯವರು. ಹಿಂದಿನ ವರ್ಷ ರಜೆಯಲ್ಲಿ ಹೋದ ಸೇಲ್ಸ್‌ಮನ್ ಒಬ್ಬ ತಿರುಗಿ ಬರಲೇ ಇಲ್ಲವೆಂದು ಕಂಪನಿಯ ಅರಬಿ ಯಜಮಾನ, ಅಂದರೆ ಕಫೀಲ್, ಫ್ರೆಡ್ರಿಕ್ ಅವರಿಗೆ ಎಲ್ಲರೆದುರು ಬೈದಿದ್ದ. ಅಂದಿನಿಂದ ಯಾರು ರಜೆ ಕೇಳಿದರೂ ಮುಂದಿನ ತಿಂಗಳು ನೋಡುವ ಎನ್ನುತ್ತಿದ್ದರು. ಕಮಲಾಕ್ಷ ಅಂಥ ಮೂರು ಮುಂದಿನ ತಿಂಗಳುಗಳನ್ನು ದಾಟಿದ್ದ. ಊರಿನಲ್ಲಿ ಮಗಳು ನವ್ಯಶ್ರೀಗೆ ಮೂರು ವರ್ಷ ತುಂಬಿತ್ತು, ಅವನು ಅವಳ ಮುಖ ನೋಡಿರಲಿಲ್ಲ. ಹೆಂಡತಿ ಚಂಪಾ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದಳು, ಇವನೂ ತುಂಬಿಸಿ ಕಳಿಸುತ್ತಿದ್ದ. ಅಪ್ಪ ಟೇಪ್‌ರೆಕಾರ್ಡರಿನ ಒಳಗೆ ಇರುವುದು ಎಂದೇ ಮಗು ತಿಳಿದಿದೆ, ದಿನಾ ಅದಕ್ಕೆ ಒಂದು ತುತ್ತು ಅನ್ನ ಇಡುತ್ತದೆ, ಎರಡು ಸಲ ರಿಪೇರಿಗೆ ಕೊಟ್ಟಾಯಿತು ಎಂದು ಚಂಪಾ ಹೇಳಿದ್ದಳು. ಆ ಕ್ಯಾಸೆಟ್ಟನ್ನು ಕಮಲಾಕ್ಷ ವ್ಯಾನಿನಲ್ಲಿ ಹಾಕಿ ಕೇಳಿಸಿಕೊಂಡು ನಗುತ್ತಿದ್ದ. ಒಬ್ಬನೇ ಇರುವಾಗ ಅಳುತ್ತಲೂ ಇದ್ದ.

ಆ ಬೇಸಿಗೆಯಲ್ಲಿ ಫ್ರೆಡ್ರಿಕ್ ಅವರ ಅತ್ತೆ ಬ್ರಿಜಿಟ್ ಬಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದರು, ಕಮಲಾಕ್ಷನ ಬಾಯಲ್ಲಿ ಬಾಯಮ್ಮ. ಶಂಕರಪುರದಲ್ಲಿ ಮಲ್ಲಿಗೆ ಬೆಳೆದು, ಹೂವನ್ನು ಅಟ್ಟೆ ಲೆಕ್ಕದಲ್ಲಿ ಕಟ್ಟಿ ಮಾರಿ, ಮೂರು ಹೆಣ್ಣುಮಕ್ಕಳನ್ನು ದಡ ಸೇರಿಸಿದ ಹೆಂಗಸು. ನೆಲದ ಮೇಲೆ ನಿಂತು ಮಾತಾಡುವ ಜಾತಿ. ಜುಲೈಯ ಮೊದಲ ಶುಕ್ರವಾರ ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬಂದವರೇ ಕುವೈತ್ ನೋಡಬೇಕು ಎಂದರು. ಕಮಲಾಕ್ಷನಿಗೆ ಅಷ್ಟೇ ಸಾಕಿತ್ತು. ಹದಿಮೂರು ವರ್ಷದ ಮೊಮ್ಮಗಳು ಅಲಿಶಾಳನ್ನೂ ಹತ್ತಿಸಿಕೊಂಡು ಹೊರಟ. ದಾರಿಯಲ್ಲಿ ಚಂಪಾಳ ಕ್ಯಾಸೆಟ್ಟನ್ನೂ ಹಾಕಿ ಕೇಳಿಸಿದ.

ಗೋಪುರ ಬಾಯಮ್ಮನಿಗೆ ಅಷ್ಟೇನೂ ಹಿಡಿಸಲಿಲ್ಲ. ಮೇಲೆ ಸುತ್ತುವ ಚೆಂಡಿನೊಳಗೆ ಕೂತು, ಇದು ಸುತ್ತುವುದೋ ತನಗೆ ತಲೆ ಸುತ್ತುವುದೋ ಎಂದು ಕೇಳಿದರು. ಆದರೆ ಏಜೆನ್ಸಿ ಮನೆಯ ಕಥೆ ಶುರುವಾದದ್ದೇ ತಡ, ಅವರು ತಲೆಯ ಮೇಲೆ ಸೆರಗು ಹೊದ್ದುಕೊಂಡರು. ಕಥೆ ಮುಗಿದಾಗ ಕಂಬ ಯಾವುದೆಂದು ಕೇಳಿದರು. ಕಮಲಾಕ್ಷ ಯಾವಾಗಿನಂತೆ ಕೈ ತೋರಿಸಿದ.

ಅಲ್ಲಿಯವರೆಗೆ ಯಾವ ಪ್ರವಾಸಿಯೂ ಆ ಕಂಬದ ಹತ್ತಿರ ಹೋದದ್ದಿಲ್ಲ. ಬಾಯಮ್ಮ ನೇರ ಹೋದರು. ಚಪ್ಪಲಿ ಕಳಚಿದರು, ಫುಟ್‌ಪಾತ್ ಕಾದ ಕಾವಲಿಯಂತಿದ್ದ ಕಾರಣ ಮತ್ತೆ ಹಾಕಿಕೊಂಡರು. ಕಂಬಕ್ಕೆ ಸೆರಗು ಸುತ್ತಿ, ಎರಡೂ ಕೈಯಲ್ಲಿ ತಬ್ಬಿ, ಹಣೆ ಊರಿ ಕಣ್ಣು ಮುಚ್ಚಿ ಕೊಂಕಣಿಯಲ್ಲಿ ಒಂದು ಪೂರ್ತಿ ಪ್ರಾರ್ಥನೆ ಹೇಳಿದರು. ಅಲಿಶಾ ನಾಚಿಕೆಯಿಂದ ವ್ಯಾನಿನ ಸೀಟಿನ ಕೆಳಗೆ ಇಳಿದಳು. ಪೊಲೀಸರ ಕಾರೊಂದು ನಿಧಾನ ಮಾಡಿ, ನೋಡಿ, ಏನು ಮಾಡಬೇಕೆಂದು ತಿಳಿಯದೆ ಮುಂದೆ ಹೋಯಿತು. ಅದು ದೀಪದ ಕಂಬ ಬಾಯಮ್ಮ ಎಂದು ಹೇಳಲು ಕಮಲಾಕ್ಷ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಧೈರ್ಯ ಸಾಲಲಿಲ್ಲ.

"ನೀನೂ ಹಿಡಿ," ಎಂದರು ಬಾಯಮ್ಮ.

"ನನಗೆ ಎಂತಕ್ಕೆ ಬಾಯಮ್ಮ? ನಾನೇನು ಗುಲಾಮನಾ?"

"ಮತ್ತೆ ಮಗುವನ್ನು ನೋಡ್ಲಿಕ್ಕೆ ಯಾಕೆ ಹೋಗ್ಲಿಲ್ಲ? ಪಾಪ, ಅದು ಪೆಟ್ಟಿಗೆಗೆ ಅನ್ನ ಹಾಕ್ತಾ ಉಂಟು."

ರಜೆ ಸಿಗಬೇಕಲ್ಲ ಎಂದ. ಸಿಗದಿದ್ದರೆ ಹಾಗೆಯೇ ಹೋಗು ಎಂದರು. ಪಾಸ್‌ಪೋರ್ಟ್ ಬೇಕಲ್ಲ ಎಂದ.

"ಅದು ಯಾರ ಹತ್ರ ಉಂಟು?"

ಮಾತಿಗೆ ಎಂದೂ ತಡವರಿಸದವನು ಸಮುದ್ರದ ಕಡೆ ತಿರುಗಿ ನಿಂತ. ಬಾಯಮ್ಮನಿಗೆ ಅರ್ಥವಾಯಿತು. ಮುಂದೆ ಮೀನು ಮಾರುಕಟ್ಟೆಗೆ ಹೋದರು. ಅಲ್ಲಿ ಅಂಜಲ್ ಮೀನಿನ ಕಿವಿರು ಎತ್ತಿ ನೋಡಿ, ಇರಾನಿ ವ್ಯಾಪಾರಿಯೊಡನೆ ತುಳುವಿನಲ್ಲೇ ಚೌಕಾಸಿ ಮಾಡಿ ಗೆದ್ದು, ವಾಪಸು ಬರುವಾಗ ಕಂಪನಿಯಲ್ಲಿರುವ ಎಲ್ಲರ ಹೆಸರು ಹೇಳು ಎಂದರು. ಊರಿಂದ ತಂದ ಹಪ್ಪಳ ಹಂಚುತ್ತಾರೆಂದುಕೊಂಡ ಕಮಲಾಕ್ಷ ಮುನಿಸ್ವಾಮಿಯಿಂದ ಹಿಡಿದು ಹನ್ನೊಂದು ಹೆಸರನ್ನೂ ಹೇಳಿದ.

ಮುಂದೆ ನಡೆದದ್ದನ್ನು ಅವನಿಗೆ ಹೇಳಿದ್ದು ಅಲಿಶಾ. ಖುಬ್ಬೂಸ್ ರೊಟ್ಟಿ ತರಲು ದಿನಾ ಬೆಳಿಗ್ಗೆ ವ್ಯಾನ್ ಹತ್ತುತ್ತಿದ್ದವಳು ಎರಡನೇ ದಿನವೇ ಇಂಗ್ಲಿಷಿನಲ್ಲಿ ಜಗಳಕ್ಕೆ ಬಂದಳು. ಅಂಕಲ್, ನಿಮ್ಮಿಂದಾಗಿ ನನ್ನ ಮೊಣಕಾಲು ಹೋಯಿತು ಎಂದಳು. ಅವರ ಮನೆಯಲ್ಲಿ ಸಂಜೆ ಎಲ್ಲರೂ ಮೊಣಕಾಲೂರಿ ಜಪಸರದ ಪ್ರಾರ್ಥನೆ ಮಾಡುತ್ತಾರೆ, ಅದಕ್ಕೆ ತೇರ್ಸ್ ಎನ್ನುವುದು. ಹಿರಿಯರು ಮುಂದೆ ಹೇಳಬೇಕು, ಉಳಿದವರು ಹಿಂದೆ. ಮುಗಿದ ಮೇಲೆ ಕಿರಿಯರೆಲ್ಲ ಕೈಮುಗಿದು ಹಿರಿಯರ ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. ಹೇಳುವವರು ಈಗ ಅಜ್ಜಿ. ಅವರು ಕೊನೆಯಲ್ಲಿ, ಸೆರೆಯಲ್ಲಿರುವವರ ಬಿಡುಗಡೆಗಾಗಿ ಎಂದು ಒಬ್ಬೊಬ್ಬರ ಹೆಸರು ಹಿಡಿದು ಒಂದೊಂದು ಪ್ರಾರ್ಥನೆ ಸೇರಿಸುತ್ತಿದ್ದರು. ಕಮಲಾಕ್ಷನಿಗೆ ಒಂದು, ಮುನಿಸ್ವಾಮಿಗೆ ಒಂದು, ಬಂಗಾಳಿ ಪ್ಯಾಕರಿಗೆ ಒಂದು. ಅರ್ಧ ಗಂಟೆಯ ತೇರ್ಸ್ ಒಂದೂಕಾಲು ಗಂಟೆಯಾಯಿತು, ಅಡುಗೆ ಆರಿ ತಣ್ಣಗಾಯಿತು. ಫ್ರೆಡ್ರಿಕ್ ಎದ್ದು ಬೆಸಾಂವ್ ಕೇಳಿದರೆ ಅತ್ತೆ ಗೋಡೆಯ ಕಡೆ ನೋಡುತ್ತಿದ್ದರು. ಆಶೀರ್ವಾದ ಸಿಗದೆ ಅವರಿಗೆ ಊಟ ಇಳಿಯಲಿಲ್ಲ. ಬಡಿಸಿದ ಅಂಜಲ್ ಫ್ರೈ ತಟ್ಟೆಯಲ್ಲೇ ಉಳಿಯಿತು.

ಮೂರನೇ ಸಂಜೆ ಫ್ರೆಡ್ರಿಕ್ ತಾಳ್ಮೆಗೆಟ್ಟರು. ತಾನೇನು ಮಾಡುವುದು, ತನ್ನ ಪಾಸ್‌ಪೋರ್ಟ್ ಕೂಡ ಕಫೀಲನ ತಿಜೋರಿಯಲ್ಲಿಯೇ ಇರುವುದು, ಇಲ್ಲಿ ಎಲ್ಲರದ್ದೂ ಹೀಗೆಯೇ ಎಂದು ಕೂಗಿದರು. ಬಾಯಮ್ಮ ಮತ್ತೆ ಮೊಣಕಾಲೂರಿ, ಫ್ರೆಡ್ರಿಕ್ ಎಂದು ಹನ್ನೆರಡನೆಯ ಹೆಸರು ಸೇರಿಸಿದರು. ಅಲಿಶಾಳ ಅಪ್ಪ ತಾನು ಹೇಳಬೇಕಾದ ಸಾಲು ಹೇಳಲಾಗದೆ ಜಪಸರ ಹಿಡಿದುಕೊಂಡು ಹಾಗೆಯೇ ಕೂತಿದ್ದರಂತೆ. ಇದನ್ನು ಹೇಳುವಾಗ ಅಲಿಶಾ ಜಗಳವಾಡಲಿಲ್ಲ.

ಮರುದಿನ ಬೆಳಿಗ್ಗೆ ಫ್ರೆಡ್ರಿಕ್ ಆಫೀಸಿಗೆ ಬಂದು ತಿಜೋರಿ ತೆರೆದು, ಹನ್ನೊಂದೂ ಪಾಸ್‌ಪೋರ್ಟ್‌ಗಳನ್ನು ಮೇಜಿನ ಮೇಲೆ ಇಟ್ಟು, ಸಹಿ ಹಾಕಿ ತೆಗೆದುಕೊಳ್ಳಿ ಎಂದರು. ಏನೋ ಗ್ರಹಚಾರ ಕಾದಿದೆ ಎಂದು ಹತ್ತು ನಿಮಿಷ ಯಾರೂ ಹತ್ತಿರ ಹೋಗಲಿಲ್ಲ. ಕಮಲಾಕ್ಷನಿಗೆ ರಜೆ ಮಂಜೂರಾಯಿತು. ಜುಲೈ ಇಪ್ಪತ್ತೇಳಕ್ಕೆ ಅತ್ತೆಯನ್ನು ಶಂಕರಪುರಕ್ಕೆ ಮುಟ್ಟಿಸುವ ಜವಾಬ್ದಾರಿಯೂ ಅವನದ್ದೇ ಆಯಿತು. ಬೊಂಬಾಯಿಯವರೆಗೂ ಬಾಯಮ್ಮನಿಗೆ ಅವನು ಕಿಟಕಿಯಿಂದ ಕಾಣದ ಊರುಗಳನ್ನೆಲ್ಲ ತೋರಿಸಿದ.

ಕಟಪಾಡಿಯಲ್ಲಿ ನವ್ಯಶ್ರೀ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಮಾತಾಡಿದ ಕೂಡಲೇ ಓಡಿಹೋಗಿ ಟೇಪ್‌ರೆಕಾರ್ಡರಿನ ಮುಚ್ಚಳ ತೆಗೆದು ಒಳಗೆ ಖಾಲಿಯಿದೆಯಾ ಎಂದು ನೋಡಿದಳು. ಖಾಲಿಯಿತ್ತು. ಆಮೇಲೆ ಬಂದು ಅವನ ಕಾಲು ಹಿಡಿದುಕೊಂಡವಳು ಸಂಜೆಯವರೆಗೆ ಬಿಡಲಿಲ್ಲ.

ಅದಾದ ಆರನೇ ದಿನ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಸುದ್ದಿ ರೇಡಿಯೋದಲ್ಲಿ ಬಂತು. ಕಮಲಾಕ್ಷ ದಿನ ಬಿಟ್ಟು ದಿನ ಶಂಕರಪುರಕ್ಕೆ ಹೋಗುತ್ತಿದ್ದ. ಬಾಯಮ್ಮನ ತೇರ್ಸಿನಲ್ಲಿ ಈಗ ಕೊನೆಗೆ ಒಂದೇ ಹೆಸರು ಉಳಿದಿತ್ತು. ಮಗಳು, ಮೊಮ್ಮಗಳು ಇಬ್ಬರ ಪಾಸ್‌ಪೋರ್ಟ್ ಮನೆಯಲ್ಲೇ ಇತ್ತು. ಅಳಿಯನದ್ದು ಇಲ್ಲ, ಅಳಿಯನನ್ನು ಬಿಟ್ಟು ಅವರು ಹೊರಡುವವರಲ್ಲ.

ಸೆಪ್ಟೆಂಬರ್ ಕೊನೆಗೆ ಮೂವರೂ ಬಂದರು, ಬಸ್ಸು, ಗಡಿಯ ನಿರಾಶ್ರಿತರ ಡೇರೆ, ಅಮ್ಮಾನ್ ದಾಟಿ, ಒಂದು ಚೀಲದೊಡನೆ. ಫ್ರೆಡ್ರಿಕ್ ಬಡಕಲಾಗಿ ಅರ್ಧಕ್ಕೆ ಇಳಿದಿದ್ದರು. ಜಗಲಿಯಲ್ಲಿ ಕೂತು ನಿಧಾನವಾಗಿ ಹೇಳಿದರು. ಕಂಪನಿಯವರು ಒಬ್ಬೊಬ್ಬರೇ ಬಂದು, ಹೋಗಿ ಬರ್ತೇವೆ ಸರ್ ಎಂದು ಹೇಳಿ ತಮ್ಮ ತಮ್ಮ ಪಾಸ್‌ಪೋರ್ಟ್ ಹಿಡಿದು ಹೊರಟುಹೋದರು. ಕಫೀಲ್ ಬೇಸಿಗೆಗೆ ಲಂಡನ್ನಿಗೆ ಹೋದವನು ಅಲ್ಲೇ ಉಳಿದ, ಫ್ರೆಡ್ರಿಕ್ ಅವರ ಪಾಸ್‌ಪೋರ್ಟ್ ಇದ್ದ ತಿಜೋರಿಯ ಕೀಲಿ ಅವನ ಹತ್ತಿರ. ಬಿಡಿಸಿಕೊಳ್ಳುವ ದಾರಿ ಕಾಣದೆ ಇಪ್ಪತ್ತು ದಿನ ಕಳೆದವು.

"ನಗ್ಬೇಡ ಕಮಲಾಕ್ಷ," ಎಂದರು ಆಮೇಲೆ. "ಒಂದು ದಿನ ನಾನು ನಡ್ಕೊಂಡು ಆ ಏಜೆನ್ಸಿ ಮನೆ ಹತ್ರ ಹೋದೆ. ಕಂಬ ಹಿಡ್ಕೊಂಡೆ. ಮರುದಿನ ಎಂಬಸಿಯಲ್ಲಿ ಕಾಗದ ಸಿಕ್ತು, ಪಾಸ್‌ಪೋರ್ಟ್ ಬದಲಿಗೆ. ಸೀಲು ಹೊಡೆದು ಕೊಟ್ರು."

ಅವರು ಅಂಗೈ ಬಿಡಿಸಿ ತೋರಿಸಿದರು. ಆಗಸ್ಟಿನ ಬಿಸಿಲಿಗೆ ಕಾದ ಕಬ್ಬಿಣ, ಸುತ್ತಲು ಅವರಿಗೆ ಸೆರಗು ಇರಲಿಲ್ಲ. ಎರಡೂ ಅಂಗೈಯಲ್ಲಿ ಸುಟ್ಟ ಕಲೆ ಗುಲಾಬಿಯಾಗಿ ಉಳಿದಿತ್ತು.

"ಫುಟ್‌ಪಾತಿನ ಮೇಲೆ ಇರುವುದು. ಅದೇ ಅಲ್ವಾ ನೀನು ತೋರಿಸಿದ್ದು?"

ಮುನ್ಸಿಪಾಲಿಟಿ, ಸಿಮೆಂಟು, ಗುಂಡಿ ಎಲ್ಲ ಕಮಲಾಕ್ಷನ ನಾಲಿಗೆಯ ತುದಿಗೆ ಬಂದು ನಿಂತವು. ಬಾಗಿಲಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದ ಬಾಯಮ್ಮ ಕೈ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು.

"ಅದೇ ಕಂಬ ಸರ್," ಎಂದ ಕಮಲಾಕ್ಷ. ಅದಕ್ಕೆ ತನ್ನ ಕೈಯಿಂದ ಇನ್ನೇನನ್ನೂ ಸೇರಿಸಲಿಲ್ಲ.