ಬಾಯಿಗೆ ಕೊಟ್ಟ ಶಿಕ್ಷೆ

ನಾನು ಚಿಕ್ಕವನಿದ್ದಾಗ ಗುಂಡ್ಲುಪೇಟೆ ಬಳಿಯ ನಮ್ಮೂರ ಶಾಲೆಯಲ್ಲಿ ಎಲ್ಲ ತಪ್ಪಿಗೂ ಒಂದೇ ಮದ್ದು, ಬಸ್ಕಿ. ಕಿವಿ ಹಿಡಿದು ಕೂತು ಏಳಬೇಕು. ತರಗತಿಯಲ್ಲಿ ಗದ್ದಲವಾದರೆ ಲೀಡರ್‌ಗೆ ಎರಡು ಪಟ್ಟು. ಆ ಕಟ್ಟುನಿಟ್ಟು ನನಗೆ ಇಷ್ಟವೇ ಆಗಿತ್ತು. ಇಂದಿಗೂ ನನ್ನ ಚಪ್ಪಲಿ ಜೋಡಿ ಬಾಗಿಲ ಬಳಿ ನೆಟ್ಟಗೇ ಇರುತ್ತದೆ.

ಅಕ್ಕನೂ ನಾನೂ ಒಂದೇ ಕೋಣೆಯಲ್ಲಿ ಕಲಿಯುತ್ತಿದ್ದೆವು. ಪೋಲಿಯೊ ಬಂದು ಅವಳ ಎಡಗಾಲು ಸೊರಗಿತ್ತು. ಅಪ್ಪ ನಯ ಮಾಡಿಕೊಟ್ಟ ಬಿದಿರುಕೋಲು ಊರಿಕೊಂಡು ನಡೆಯುತ್ತಿದ್ದಳು. ಓದಿನಲ್ಲಿ ಮುಂದು, ಮಾತಿನಲ್ಲಿ ಇನ್ನೂ ಮುಂದು. ಅವಳಿಗಿದ್ದ ಆಸೆ ಒಂದೇ, ಲೀಡರ್ ಆಗಬೇಕು.

ಲೀಡರ್ ಆರಿಸುವ ದಿನ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ಆಗಷ್ಟೇ ಸಾರಿಸಿದ ನೆಲ ಸಗಣಿಯ ವಾಸನೆ ಬೀರುತ್ತ ಅಂಗಾಲಿಗೆ ತಣ್ಣಗೆ ತಾಗುತ್ತಿತ್ತು. ಅಕ್ಕ ಕೈ ಎತ್ತಿದಳು. ಮೇಷ್ಟ್ರು ಮೆಲ್ಲಗೆ ಹೇಳಿದರು, "ನಿನಗ್ಯಾಕವ್ವ ಈ ಕಷ್ಟ? ಬಸ್ಕಿ ನಿನ್ನ ಕೈಲಾಗಲ್ಲ. ಕೂತ್ಕೊ."

ಅಕ್ಕ ಕೂರಲಿಲ್ಲ. "ಆಗ್ದೆ ಇರೋದು ಕಾಲಿಗೆ ಸಾ. ಶಿಕ್ಷೆ ಬಾಯಿಗೆ ಕೊಡಿ. ಗಲಾಟೆ ಆದ್ರೆ ಹತ್ತೊಂಬತ್ತರ ಮಗ್ಗಿ ಕೆಳಗಿಂದ ಮೇಲಕ್ಕೆ ಒಪ್ಪಿಸ್ತೀನಿ."

ಮೇಷ್ಟ್ರು ಅವಳನ್ನೇ ನೋಡಿದರು. "ಸರಿ, ಸಂಜೆವರೆಗೂ ನೋಡೋಣ."

ಮಧ್ಯಾಹ್ನ ಅವರು ಹೊರಗೆ ಹೋದದ್ದೇ ತಡ, ಹಿಂದಿನ ಸಾಲಿನ ಹುಡುಗರು ಬೇಕೆಂದೇ ಸ್ಲೇಟು ಬಡಿದು ಗದ್ದಲ ಎಬ್ಬಿಸಿದರು. ಮೇಷ್ಟ್ರು ಒಳಗೆ ಬಂದರು. "ಏಳಮ್ಮಿ ಲೀಡ್ರಮ್ಮ, ಒಪ್ಸು!" ಎಂದು ಒಬ್ಬ ಕಿಚಾಯಿಸಿದ.

ಅಕ್ಕ ಕೋಲನ್ನು ಗೋಡೆಗೆ ಒರಗಿಸಿ, ಬಲಗಾಲಿನ ಮೇಲೆ ನೆಟ್ಟಗೆ ನಿಂತು, ನೂರತೊಂಬತ್ತರಿಂದ ಹತ್ತೊಂಬತ್ತಕ್ಕೆ ಎಲ್ಲೂ ತಡವರಿಸದೆ ಇಳಿದಳು. ಆಮೇಲೆ ಹಿಂದಿನ ಸಾಲಿನತ್ತ ತಿರುಗಿದಳು. "ಈಗ ನಿಮ್ ಸರದಿ ಕಣ್ರಲಾ. ರೂಲ್ಸು ಎಲ್ರಿಗೂ ಒಂದೇ ಅಲ್ವಾ ಸಾ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಹುಡುಗರ ಮುಖ ಬಾಡಿತು. "ಸಾ, ನಮ್ಗೆ ಬಸ್ಕಿನೇ ಕೊಟ್ಬುಡಿ ಸಾ!" ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಅಂದಿನಿಂದ ನಮ್ಮ ಶಾಲೆಯಲ್ಲಿ ಬಸ್ಕಿ ಹೋಗಿ ಮಗ್ಗಿ ಬಂತು. ಅಕ್ಕನೇ ಲೀಡರ್.

ಸಂಜೆ ಅಕ್ಕನ ಜೊತೆ ಮನೆಗೆ ಹೋಗುವಾಗ, ಹೊಲದಿಂದ ಎತ್ತು ಹೊಡೆದುಕೊಂಡು ಬರುತ್ತಿದ್ದ ಅಪ್ಪನಿಗೆ ದಾರಿಯಲ್ಲೇ ಸುದ್ದಿ ಹೇಳಿದೆ. ಅಪ್ಪ ಎತ್ತುಗಳನ್ನು ಬದಿಗೆ ತಳ್ಳಿ, "ಅತ್ಲಾಗೆ ಸರೀರ್ಲಾ, ನಮ್ ಲೀಡ್ರಮ್ಮ ಓಗ್ಬೇಕು" ಎಂದರು. ಅಕ್ಕ ಕೋಲು ಊರಿಕೊಂಡು ಎತ್ತುಗಳ ಮುಂದೆ ನಡೆದಳು.

ಮಕ್ಕಳೇ, ಚಾಮರಾಜನಗರದ ನಿಮ್ಮ ಶಾಲೆಯಲ್ಲಿ ಹೊಡೆಯುವಂತಿಲ್ಲ, ಬಸ್ಕಿಯೂ ಇಲ್ಲ, ತಪ್ಪಿಗೆ ಹೆಚ್ಚಿನ ಹೋಂವರ್ಕ್ ಅಷ್ಟೇ. ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆಂದೇ ಇಳಿಜಾರು ದಾರಿಯಿದೆ. ಗಾಲಿಕುರ್ಚಿಯ ಗೆಳೆಯನೂ ತರಗತಿಯಲ್ಲಿ ನಿಮ್ಮ ಜೊತೆ ಹರಟಿ ಸಿಕ್ಕಿಬಿದ್ದ ಎಂದು ಮೊನ್ನೆ ಹೇಳಿದಿರಿ. ಅವನಿಗೂ ಹೋಂವರ್ಕ್ ಹೆಚ್ಚಿಗೆ ಕೊಟ್ಟರೇ ಎಂದು ಕೇಳಿದೆ. "ನಮ್ಮಷ್ಟೇ ಕೊಟ್ರು ತಾತ!" ಎಂದಿರಿ.

ಕೂಡಲೇ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅತ್ತಲಿಂದ ಅದೇ ಹಳೆಯ ಗಟ್ಟಿ ದನಿ: "ಅಯ್ಯೋ ಪಾಪ ಅಂತ ಬುಟ್ಬುಡ್ನಿಲ್ವಲ್ಲ, ಒಳ್ಳೆ ಮೇಷ್ಟ್ರು ಕಣ್ಲಾ!"